ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಂತೆ, ಕೋಲಾರದಲ್ಲಿ ರಾಗಿ ಕೊಯ್ಯಬಹುದಾ?

ಪ್ರಶ್ನೆ: ನವೆಂಬರ್ ಬಂತೆಂದರೆ ಟಿವಿಯಲ್ಲಿ ದಿನಾ ಇದೇ ಸುದ್ದಿ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ. ಒಂದು ಸಲ ಮೂರು ದಿನ ಬಿಡದೆ ಹೊಡೆಯುತ್ತೆ. ಇನ್ನೊಂದು ಸಲ ದೊಡ್ಡ ಚಂಡಮಾರುತ ಅಂತಾರೆ, ನಮ್ಮೂರಲ್ಲಿ ನೆಲ ಕೂಡ ನೆನೆಯಲ್ಲ. ಈಗ ರಾಗಿ ಕೊಯ್ಲಿಗೆ ಬಂದಿದೆ. ಸಮುದ್ರದ ಸುದ್ದಿ ನೋಡಿಕೊಂಡು ನಾವಿಲ್ಲಿ ಏನು ತೀರ್ಮಾನ ಮಾಡೋದು?
(ಮುಳಬಾಗಿಲು ಕಡೆಯ ಓದುಗರೊಬ್ಬರು)

ಉತ್ತರ: ಹಿಂಗಾರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಚಿಕ್ಕ ಉತ್ತರ ಮೊದಲು ಹೇಳಿಬಿಡುತ್ತೇನೆ. ಕುಸಿತಕ್ಕೆ ಹೆಸರಿಟ್ಟಿದ್ದಾರಾ, ಗಾಳಿ ಎಷ್ಟು ಜೋರು ಅನ್ನುವುದನ್ನು ಪಕ್ಕಕ್ಕಿಡಿ. ಅದು ಚೆನ್ನೈಗಿಂತ ದಕ್ಷಿಣಕ್ಕೆ ತೀರ ಸೇರುತ್ತಾ, ಉತ್ತರಕ್ಕೆ ಹೋಗುತ್ತಾ ನೋಡಿ. ಆಮೇಲೆ ಎಷ್ಟು ನಿಧಾನವಾಗಿ ಚಲಿಸುತ್ತಿದೆ ನೋಡಿ. ನಮ್ಮ ಬಯಲು ಸೀಮೆಯವರಿಗೆ ಇವೆರಡು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಯಾಕೆ ಚೆನ್ನೈ? ನಕ್ಷೆ ತೆಗೆದು ನೋಡಿ. ಕೋಲಾರ, ಚೆನ್ನೈ ಎರಡೂ ಹೆಚ್ಚುಕಡಿಮೆ 13ನೇ ಅಕ್ಷಾಂಶದ ಮೇಲೇ ಇವೆ. ನೆಟ್ಟಗೆ ಗೆರೆ ಎಳೆದರೆ ನಡುವೆ ಸುಮಾರು 230 ಕಿ.ಮೀ. ಅದೇ ಮಂಗಳೂರಿನ ಕಡಲಿಗೆ ಸುಮಾರು 350 ಕಿ.ಮೀ. ಅಂದರೆ ಕೋಲಾರಕ್ಕೆ ಹತ್ತಿರದ ಸಮುದ್ರ ಅರಬ್ಬಿ ಸಮುದ್ರ ಅಲ್ಲ, ಬಂಗಾಳ ಕೊಲ್ಲಿ. ಮುಂಗಾರಿನ ಮೋಡ ಪಶ್ಚಿಮ ಘಟ್ಟದಲ್ಲೇ ಮುಕ್ಕಾಲು ಖಾಲಿಯಾಗಿ ಬರುತ್ತದೆ. ಹಾಗಾಗಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮೂಡಣದಿಂದ ಬರುವ ಮಳೆಯ ಮೇಲೆ ನಮ್ಮ ಕೆರೆಗಳ ಕಣ್ಣು. ತುಮಕೂರಿಗೆ ಬಂದರೆ ಲೆಕ್ಕ ಉಲ್ಟಾ, ಅಲ್ಲಿಗೆ ಮಂಗಳೂರಿನ ಕಡಲೇ ಹತ್ತಿರ. ಆದರೂ ನಡುವೆ ಘಟ್ಟ ಇರುವುದರಿಂದ ಹಿಂಗಾರಿನಲ್ಲಿ ಅವರೂ ಚೆನ್ನೈ ಕಡೆಗೇ ನೋಡಬೇಕು.

ಈಗ ಗಾಳಿಯ ವಿಷಯ. ಭೂಮಿಯ ಉತ್ತರ ಭಾಗದಲ್ಲಿ ವಾಯುಭಾರ ಕುಸಿತದ ಸುತ್ತ ಗಾಳಿ ಅಪ್ರದಕ್ಷಿಣೆಯಾಗಿ ಸುತ್ತುತ್ತದೆ, ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ. ಕುಸಿತದ ಕೇಂದ್ರ ಪುದುಚೇರಿ, ನಾಗಪಟ್ಟಣಂ ಕಡೆ ಇದ್ದರೆ ನಾವು ಅದರ ಉತ್ತರಕ್ಕಾಗುತ್ತೇವೆ. ಆ ಭಾಗದಲ್ಲಿ ಗಾಳಿ ಪೂರ್ವದಿಂದ ಬೀಸುತ್ತದೆ. ಕಡಲಿನ ತೇವವನ್ನೆಲ್ಲ ಹೊತ್ತುಕೊಂಡು ಬಂದು, ಎಂಟುನೂರು ಒಂಬೈನೂರು ಮೀಟರ್ ಎತ್ತರದ ನಮ್ಮ ಬಯಲಿಗೆ ಹತ್ತುತ್ತದೆ. ಹತ್ತುತ್ತಾ ತಣ್ಣಗಾಗುತ್ತದೆ, ಮೋಡ ಕಟ್ಟುತ್ತದೆ, ಜಡಿ ಮಳೆ ಹಿಡಿಯುತ್ತದೆ. ಕೇಂದ್ರ ಆಂಧ್ರದ ಬಾಪಟ್ಲ, ಕಾಕಿನಾಡ ಕಡೆ ಇದ್ದರೆ ನಾವು ಅದರ ನೈಋತ್ಯಕ್ಕಾಗುತ್ತೇವೆ. ಆಗ ಗಾಳಿ ಬರುವುದು ಉತ್ತರದಿಂದ, ವಾಯವ್ಯದಿಂದ, ಒಣ ನೆಲದ ಮೇಲಿಂದ. ಕಡಲಲ್ಲಿ ಎಷ್ಟೇ ದೊಡ್ಡ ಚಂಡಮಾರುತ ಇರಲಿ, ನಮಗೆ ಸಿಗುವುದು ಮೋಡ ಮತ್ತು ಕೊರೆಯುವ ಗಾಳಿ ಅಷ್ಟೇ.

2023ರ ಡಿಸೆಂಬರ್‌ನ ಮಿಚಾಂಗ್ ಚಂಡಮಾರುತ ಇದಕ್ಕೆ ಒಳ್ಳೆ ಉದಾಹರಣೆ. ಚೆನ್ನೈ ಪಕ್ಕದ ಕಡಲಲ್ಲೇ ಸಾಗಿ ಆ ಊರನ್ನು ಮುಳುಗಿಸಿತು. ಆಮೇಲೆ ಉತ್ತರಕ್ಕೆ ಹೋಗಿ ಡಿಸೆಂಬರ್ 5ರಂದು ಬಾಪಟ್ಲ ಹತ್ತಿರ ತೀರ ದಾಟಿತು. ತೀವ್ರ ಚಂಡಮಾರುತ, ಟಿವಿಯಲ್ಲಿ ಇಪ್ಪತ್ನಾಲ್ಕು ಗಂಟೆಯೂ ಅದೇ. ನಮ್ಮ ಕಡೆ ಸ್ವೆಟರ್ ಹುಡುಕುವಷ್ಟು ಚಳಿ ಬಂತು, ಮಳೆ ಅಷ್ಟಕ್ಕಷ್ಟೇ.

ಅದಕ್ಕೂ ಎರಡು ವರ್ಷ ಹಿಂದಿನ ನವೆಂಬರ್ ನೆನಪಿಸಿಕೊಳ್ಳಿ. 2021ರ ನವೆಂಬರ್ 11ರಂದು ಒಂದು ಕುಸಿತ ಚೆನ್ನೈ ಹತ್ತಿರ ತೀರ ಸೇರಿತು. 19ರ ಬೆಳಗಿನ ಜಾವ ಇನ್ನೊಂದು ಪುದುಚೇರಿ, ಚೆನ್ನೈ ನಡುವೆ ದಾಟಿತು. ಎರಡಕ್ಕೂ ಹೆಸರಿಲ್ಲ. ಚಂಡಮಾರುತದ ಮಟ್ಟಕ್ಕೇ ಅವು ಏರಲಿಲ್ಲ. ಆದರೆ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಕೆರೆಗಳು ಕೋಡಿ ಬಿದ್ದವು, ಕೊಯ್ಲಿಗೆ ಬಂದ ರಾಗಿ ನೆಲಕ್ಕೆ ಮಲಗಿ ಮೊಳಕೆ ಬಂತು. ಹೆಸರಿಲ್ಲದ್ದು ಕೊಟ್ಟ ಪೆಟ್ಟು ಹೆಸರಿರುವುದು ಕೊಡಲಿಲ್ಲ. ಹೆಸರಿನ ಹಿಂದೆ ಹೋಗಬೇಡಿ ಅಂದದ್ದು ಇದಕ್ಕೇ.

ಈ ದರ್ಜೆಗಳು ನಿಂತಿರುವುದು ಗಾಳಿಯ ವೇಗದ ಮೇಲೆ, ಮಳೆಯ ಮೇಲಲ್ಲ. ಗಂಟೆಗೆ 31ರಿಂದ 49 ಕಿ.ಮೀ. ಗಾಳಿಯಿದ್ದರೆ ವಾಯುಭಾರ ಕುಸಿತ, 50ರಿಂದ 61 ಇದ್ದರೆ ತೀವ್ರ ವಾಯುಭಾರ ಕುಸಿತ. 62 ಮುಟ್ಟಿದರೆ ಮಾತ್ರ ಚಂಡಮಾರುತ, ಆಗಲೇ ಹೆಸರು. ಕಡಲಲ್ಲಿ ದೋಣಿ ಹಾಕುವವರಿಗೆ, ಬಂದರಿನಲ್ಲಿ ಹಡಗು ಕಟ್ಟುವವರಿಗೆ ಈ ವಿಂಗಡಣೆ ಪ್ರಾಣದ ಪ್ರಶ್ನೆ. ನಮ್ಮಲ್ಲಿಗೆ ಬರುವಷ್ಟರಲ್ಲಿ ಆ ಗಾಳಿಯ ಅರ್ಧ ಜೋರೂ ಉಳಿದಿರುವುದಿಲ್ಲ. ಉಳಿಯುವುದು ನೀರು.

ಆ ನೀರು ಎಲ್ಲಿಂದ? ಕಡಲಿನ ಮೇಲ್ಪದರ ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದರೆ ಈ ಕುಸಿತಗಳು ಬಲಿಯುತ್ತವೆ. ಬಂಗಾಳ ಕೊಲ್ಲಿಗೆ ಗಂಗೆ, ಬ್ರಹ್ಮಪುತ್ರದಂಥ ನದಿಗಳು ಸಿಹಿನೀರು ತಂದು ಸುರಿಯುತ್ತವೆ. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ಪದರವಾಗಿ ನಿಲ್ಲುತ್ತದೆ. ಕೆಳಗಿನ ತಣ್ಣೀರು ಸುಲಭಕ್ಕೆ ಮೇಲೆ ಬರುವುದಿಲ್ಲ. ಹಾಗಾಗಿ ಮೇಲ್ಪದರ ಬೆಚ್ಚಗೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಕಡಲು ಬೆಚ್ಚಗಿರುತ್ತದೆ ನಿಜ. ಆದರೆ ಆಗ ಕೆಳಗಿನ ಗಾಳಿ ಒಂದು ದಿಕ್ಕು, ಮೇಲಿನ ಗಾಳಿ ಇನ್ನೊಂದು ದಿಕ್ಕು, ಸುಳಿ ನೆಟ್ಟಗೆ ಎದ್ದು ನಿಲ್ಲಲು ಬಿಡುವುದಿಲ್ಲ. ಅದಕ್ಕೇ ದೊಡ್ಡ ಚಂಡಮಾರುತಗಳು ಮುಂಗಾರಿಗೆ ಮೊದಲು ಇಲ್ಲವೇ ಮುಂಗಾರು ಮುಗಿದ ಮೇಲೆ ಏಳುತ್ತವೆ.

ಇನ್ನು ನಿಧಾನದ ಮಾತು. 2024ರ ಫೆಂಗಲ್ ಚಂಡಮಾರುತ ಮುನ್ಸೂಚನೆಗೆ ಚೆನ್ನಾಗಿ ಆಟವಾಡಿಸಿತು. ಚಂಡಮಾರುತ ಆಗುತ್ತದೆ ಅಂದರು, ಆಗಲಿಲ್ಲ. ಇನ್ನು ಆಗಲ್ಲ ಅಂದ ಮೇಲೆ ನವೆಂಬರ್ 29ರಂದು ಆಯಿತು. 30ರ ರಾತ್ರಿ ಪುದುಚೇರಿ ಬಳಿ ತೀರ ದಾಟಿ ಅಲ್ಲೇ ಗಂಟೆಗಟ್ಟಲೆ ಕದಲದೆ ನಿಂತಿತು. ಪೈಪ್ ಹಿಡಿದು ಒಂದೇ ಪಾತಿಗೆ ನೀರು ಬಿಟ್ಟ ಹಾಗೆ. ಆಮೇಲೆ ಶಕ್ತಿ ಕಳೆದುಕೊಂಡು ನಿಧಾನಕ್ಕೆ ಪಶ್ಚಿಮಕ್ಕೆ ಹೊರಟಿತು. ಇಲ್ಲಿ ಗಮನಿಸಬೇಕಾದ್ದು, ಹೆಸರು ಬಿಟ್ಟು ಬರೀ ಕುಸಿತವಾದ ಮೇಲೇ ಅದು ಕೃಷ್ಣಗಿರಿ ಜಿಲ್ಲೆಯ ಊತಂಗರೆಯಲ್ಲಿ ಒಂದೇ ದಿನದಲ್ಲಿ ಸುಮಾರು 50 ಸೆಂ.ಮೀ. ಸುರಿಸಿತು. ಕೋಲಾರದಲ್ಲಿ ಇಡೀ ವರ್ಷಕ್ಕೆ ಬೀಳುವುದು 70 ಸೆಂ.ಮೀ. ಆಸುಪಾಸು. ಕೃಷ್ಣಗಿರಿ ನಮಗೆ ಪಕ್ಕದ ಜಿಲ್ಲೆ. ದಾರಿ ಸ್ವಲ್ಪ ಈ ಕಡೆ ವಾಲಿದ್ದರೆ ಬಂಗಾರಪೇಟೆಯ ಕಥೆ ಏನಾಗುತ್ತಿತ್ತು?

ಹಾಗಾದರೆ ಮುನ್ಸೂಚನೆಯನ್ನು ಎಷ್ಟು ನಂಬಬಹುದು? ಕಡಲಿನ ಮೇಲೆ ಈಗ ಕಣ್ಣು ಜಾಸ್ತಿ ಇವೆ. ಇನ್ಸಾಟ್ ಸರಣಿಯ ಉಪಗ್ರಹಗಳು ಹಗಲು ರಾತ್ರಿ ಮೋಡದ ಚಿತ್ರ ಕಳಿಸುತ್ತವೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕೊಲ್ಲಿಯಲ್ಲಿ ಲಂಗರು ಹಾಕಿ ತೇಲಿಬಿಟ್ಟಿರುವ ಬೋಯೆಗಳು ನೀರಿನ ಬಿಸಿ, ಗಾಳಿ, ವಾಯುಭಾರ ಅಳೆದು ಕಳಿಸುತ್ತವೆ. ಆರ್ಗೋ ಎಂಬ ತೇಲುವ ಯಂತ್ರಗಳು 2,000 ಮೀಟರ್ ಆಳಕ್ಕೆ ಇಳಿದು, ಹತ್ತು ದಿನಕ್ಕೊಮ್ಮೆ ಮೇಲೆ ಬಂದು ವರದಿ ಒಪ್ಪಿಸುತ್ತವೆ. ಅಲೆ ಎಷ್ಟು ಎತ್ತರ ಏಳಬಹುದು ಎಂದು ಮೀನುಗಾರರಿಗೆ ಹೇಳುವ ಕೇಂದ್ರ ಹೈದರಾಬಾದಿನಲ್ಲಿದೆ. ನಮ್ಮ ಹಾಗೆ ಅದೂ ಕಡಲಿಂದ ದೂರವೇ!

ಇಷ್ಟೆಲ್ಲ ಇದ್ದರೂ ಮೂರು ದಿನ ಮುಂಚಿನ ಅಂದಾಜಿನಲ್ಲಿ ಕೇಂದ್ರದ ಜಾಗ ನೂರು, ನೂರೈವತ್ತು ಕಿ.ಮೀ. ಆಚೀಚೆ ಆಗುವುದು ಮಾಮೂಲು. ಕೋಲಾರದವರಿಗೆ ಅಷ್ಟು ಸಾಕು, ಜಡಿ ಮಳೆಯೋ ಬರೀ ಚಳಿಗಾಳಿಯೋ ಎನ್ನುವುದೇ ಬದಲಾಗಿಬಿಡುತ್ತದೆ. ಅದಕ್ಕೇ ನಕ್ಷೆಯಲ್ಲಿ ದಾರಿಯನ್ನು ಬರೀ ಗೆರೆಯಾಗಿ ಬಿಡದೆ, ಮುಂದೆ ಹೋದಂತೆ ಅಗಲವಾಗುವ ಪಟ್ಟಿಯಾಗಿ ತೋರಿಸುತ್ತಾರೆ. ಗೆರೆ ನೋಡಬೇಡಿ, ಪಟ್ಟಿ ನೋಡಿ. ಹತ್ತು ದಿನ ಮುಂಚೆಯೇ ವಾಟ್ಸಾಪಿನಲ್ಲಿ ಓಡಾಡುವ ಕೆಂಪು ನೇರಳೆ ಸುಳಿಯ ಚಿತ್ರಗಳನ್ನಂತೂ ಸುಮ್ನೆ ನೋಡಿ ಡಿಲೀಟ್ ಮಾಡಿ. ಕುಸಿತ ಇನ್ನೂ ಹುಟ್ಟೇ ಇಲ್ಲದಿರುವಾಗ ಕಂಪ್ಯೂಟರ್ ಹಾಕಿದ ಲೆಕ್ಕ ಅದು. ಆರು ಗಂಟೆ ಬಿಟ್ಟು ನೋಡಿದರೆ ಚಿತ್ರವೇ ಬೇರೆ.

ಅದರ ಬದಲು ಭಾರತೀಯ ಹವಾಮಾನ ಇಲಾಖೆ ಉಷ್ಣವಲಯದ ಕಡಲುಗಳ ಬಗ್ಗೆ ಕೊಡುವ ಮುನ್ನೋಟ ನೋಡಿ. ಮುಂದಿನ ಏಳು ದಿನದಲ್ಲಿ ಕೊಲ್ಲಿಯಲ್ಲಿ, ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಹುಟ್ಟುವ ಸಾಧ್ಯತೆ ಇಲ್ಲವಾ, ಕಡಿಮೆಯಾ, ಮಧ್ಯಮವಾ, ಹೆಚ್ಚಾ ಎಂದು ಅದರಲ್ಲಿ ಇರುತ್ತದೆ. ಪ್ರತಿ ಗುರುವಾರ ಮುಂದಿನ ಎರಡು ವಾರದ ನೋಟವೂ ಬರುತ್ತದೆ. ಊರಿನ ಮಟ್ಟಕ್ಕೆ ಬೇಕಾದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ ಇದೆ, ರೈತರಿಗೆ ಹವಾಮಾನ ತಿಳಿಸುವ ಮೇಘದೂತ್ ಆ್ಯಪ್ ಇದೆ. ಮಂಗಳವಾರ, ಶುಕ್ರವಾರ ಬರುವ ಕೃಷಿ ಸಲಹೆಯನ್ನೂ ಒಮ್ಮೆ ಓದಿ.

ಹೊಲದಲ್ಲೇ ನಿಂತು ಪರೀಕ್ಷಿಸುವ ದಾರಿಯೂ ಒಂದಿದೆ. ನೆದರ್ಲೆಂಡ್ಸಿನ ಬೈಸ್ ಬ್ಯಾಲಟ್ 1857ರಲ್ಲಿ ಹೇಳಿದ ಸೂತ್ರ, ಹಡಗಿನವರು ಬಳಸುತ್ತಿದ್ದದ್ದು. ಗಾಳಿಗೆ ಬೆನ್ನು ಕೊಟ್ಟು ನಿಂತು ಎಡಗೈ ಚಾಚಿ. ಕುಸಿತ ಇರುವುದು ಆ ಕಡೆ. ಮೂಡಗಾಳಿ ಬೆನ್ನಿಗೆ ಬಡಿಯುತ್ತಿದ್ದರೆ ಎಡಗೈ ದಕ್ಷಿಣಕ್ಕೆ ತೋರಿಸುತ್ತದೆ, ಅಂದರೆ ತಮಿಳುನಾಡಿನ ಕಡೆ. ತಾರ್ಪಾಲು ಹುಡುಕಿಟ್ಟುಕೊಳ್ಳಿ. ಬಡಗಣ ಗಾಳಿ ಬೆನ್ನಿಗಿದ್ದರೆ ಎಡಗೈ ಪೂರ್ವಕ್ಕೆ, ನೀರು ಅಷ್ಟಾಗಿ ನಮ್ಮ ಪಾಲಿಗಿಲ್ಲ. ಮರ, ಗುಡ್ಡ, ಮನೆಗಳ ಮಧ್ಯೆ ನೆಲದ ಗಾಳಿ ದಿಕ್ಕು ತಪ್ಪಿಸುತ್ತದೆ. ಬಯಲಿನಲ್ಲಿ ನಿಂತು ತಗ್ಗಿನಲ್ಲಿ ಓಡುವ ಮೋಡ ನೋಡುವುದು ಇನ್ನೂ ಒಳ್ಳೆಯದು.

ಇನ್ನು ನಿಮ್ಮ ರಾಗಿ. ಮುನ್ನೋಟದಲ್ಲಿ "ಹೆಚ್ಚು" ಅಂತ ಇದ್ದು, ಪಟ್ಟಿ ತಮಿಳುನಾಡಿನ ಉತ್ತರ ಕರಾವಳಿಯ ಮೇಲೆ ಬಿದ್ದಿದ್ದರೆ ಕುಡುಗೋಲು ಕೆಳಗಿಡಿ. ಕೊಯ್ದು ಅರಿ ಹಾಕಿದ, ಅಂದರೆ ಹೊಲದಲ್ಲೇ ಹರಡಿದ ತೆನೆ ನೆಲದ ತೇವಕ್ಕೆ ಬೇಗ ಮೊಳಕೆಯೊಡೆಯುತ್ತದೆ. ಅದಕ್ಕಿಂತ ನಿಂತ ಪೈರೇ ವಾಸಿ, ಬಾಗಿದರೂ ಸ್ವಲ್ಪವಾದರೂ ಗಾಳಿಯಾಡುತ್ತದೆ. ಆಗಲೇ ಕೊಯ್ದಾಗಿದ್ದರೆ ಕೂಲಿಯವರಿಗೆ ಹೇಳಿ ಸಿವುಡು ಕಟ್ಟಿಸಿ, ಎತ್ತರದ ಜಾಗದಲ್ಲಿ ಮೆದೆ ಹಾಕಿಸಿ. ತಾರ್ಪಾಲನ್ನು ನೆಲಕ್ಕೆ ತಾಗುವಂತೆ ಬಿಗಿಯಾಗಿ ಸುತ್ತಬೇಡಿ, ಒಳಗೆ ಬಿಸಿಯೇರಿ ಬೂಸ್ಟು ಹಿಡಿಯುತ್ತದೆ. ಟೊಮೆಟೊ ಇದ್ದರೆ ಮಳೆ ಮುಂಚಿನ ದಿನ ಔಷಧಿ ಹೊಡೆಯುವುದು ದುಡ್ಡು ತೊಳೆದುಹಾಕಿದಂತೆ, ಅದಕ್ಕಿಂತ ಬದುವಿನಲ್ಲಿ ನೀರು ಹೋಗಲು ಕಾಲುವೆ ತೆಗೆಯಿರಿ. ರೇಷ್ಮೆ ಮನೆಯಲ್ಲಿ ಹುಳು ಹಣ್ಣಾಗುತ್ತಿದ್ದರೆ ತೇವ ಸೇರದಂತೆ ನೋಡಿಕೊಳ್ಳಿ, ಒದ್ದೆಯ ದಿನಗಳಲ್ಲಿ ಕಟ್ಟಿದ ಗೂಡಿಗೆ ಮಾರುಕಟ್ಟೆಯಲ್ಲಿ ಬೆಲೆ ಇಳಿಯುತ್ತದೆ.

ಕೊನೆಯದಾಗಿ ಒಂದು ಮಾತು. "ತೀರ ದಾಟಿತು" ಎಂಬ ಸುದ್ದಿ ಬಂದ ಕೂಡಲೇ ಟಿವಿ ಬೇರೆ ವಿಷಯಕ್ಕೆ ಹೋಗುತ್ತದೆ. ನಮ್ಮ ಮಳೆ ಶುರುವಾಗುವುದು ಎಷ್ಟೋ ಸಲ ಆಮೇಲೆಯೇ. ಫೆಂಗಲ್ ತೀರ ದಾಟಿದ್ದು ನವೆಂಬರ್ 30ಕ್ಕೆ, ಅದರ ಅವಶೇಷ ಒಳನಾಡು ದಾಟಿ ಅರಬ್ಬಿ ಸಮುದ್ರಕ್ಕೆ ಇಳಿದದ್ದು ಡಿಸೆಂಬರ್ 3ರ ಹೊತ್ತಿಗೆ. ಹಾಗಾಗಿ ದಾಟಿದ ಮೇಲೂ ಎರಡು ಮೂರು ದಿನ ತಡೆಯಿರಿ. ಗಾಳಿ ಮೂಡಣ ಬಿಟ್ಟು ತಿರುಗಿ, ಬಿಸಿಲು ಕಂಡು, ತೆನೆ ಕೈಯಲ್ಲಿ ಉಜ್ಜಿದರೆ ಕಾಳು ಒಣಗಿ ಉದುರುವ ಹಾಗಾದ ಮೇಲೆ ಕೊಯ್ಲಿಗೆ ಆಳು ಕರೆಯಿರಿ.