ಮೆಟ್ರೊ ಮಾದಾವರಕ್ಕೆ ಬಂತು, ನಮ್ಮ ಬಸ್ಸಿಗೆ ಅದು ಇನ್ನೂ ಸಿಕ್ಕಿಲ್ಲ

ವಿಜಯಪುರದಿಂದ ರಾತ್ರಿ ಬಸ್ಸು ಹತ್ತಿದವರಿಗೆ ಬೆಂಗಳೂರು ಶುರುವಾಗುವುದು ಮೆಜೆಸ್ಟಿಕ್‌ನಲ್ಲಿ ಅಲ್ಲ, ತುಮಕೂರು ರಸ್ತೆಯಲ್ಲಿ. ಬಾಗಲಕೋಟೆ, ಬೆಳಗಾವಿಯವರಿಗೂ ಅಷ್ಟೇ. ನೆಲಮಂಗಲ ದಾಟುತ್ತಿದ್ದಂತೆ ಬಸ್ಸಿನಲ್ಲಿ ಲೈಟ್ ಹಾಕುತ್ತಾರೆ, ಎಂಟನೇ ಮೈಲಿ, ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯ ಅಂತ ಕೂಗುತ್ತಾರೆ, ನಿದ್ದೆಗಣ್ಣಲ್ಲೇ ಮಕ್ಕಳು, ಚೀಲ, ರೊಟ್ಟಿ ಗಂಟು ಹಿಡಿದು ಹೆದ್ದಾರಿ ಬದಿಗೆ ಇಳಿಯಬೇಕು. ಆ ರಸ್ತೆಯುದ್ದಕ್ಕೂ ಮೆಟ್ರೊ ಇದೆ. ಆದರೂ ಬಸ್ಸು ಮತ್ತು ಮೆಟ್ರೊ ಕೂಡುವ ಒಂದು ಸರಿಯಾದ ಜಾಗ ಇಲ್ಲ.

ಇದಕ್ಕೆ ಹತ್ತು ವರ್ಷಕ್ಕಿಂತ ಹಳೆಯ ಕತೆ ಇದೆ. ಹಸಿರು ಮಾರ್ಗದ ಮೊದಲ ತುಂಡು 2014ರ ಮಾರ್ಚ್‌ನಲ್ಲಿ ಶುರುವಾಯಿತು. ಒಂದು ತುದಿ ಸಂಪಿಗೆ ರಸ್ತೆ, ಇನ್ನೊಂದು ಪೀಣ್ಯ ಕೈಗಾರಿಕಾ ಪ್ರದೇಶ. ಅದೇ ವರ್ಷ ಪೀಣ್ಯದಲ್ಲಿ ಬಸವೇಶ್ವರ ಬಸ್ ನಿಲ್ದಾಣವೂ ತೆರೆಯಿತು. ಸುಮಾರು 40 ಕೋಟಿ ರೂಪಾಯಿ ಖರ್ಚು. ಉತ್ತರ ಕರ್ನಾಟಕದ ಕಡೆಯ ಬಸ್ಸುಗಳು ಅಲ್ಲಿಂದಲೇ ಹೊರಟರೆ ಮೆಜೆಸ್ಟಿಕ್ ಹಗುರಾಗುತ್ತದೆ ಅನ್ನುವುದು ಲೆಕ್ಕ. ಯೋಚನೆ ಒಳ್ಳೆಯದೇ ಇತ್ತು. ಆದರೆ ನಿಲ್ದಾಣ ಇದ್ದದ್ದು ಹೆದ್ದಾರಿಯಿಂದ ಒಳಗೆ, ಮೆಟ್ರೊಗೆ ತಾಗಿ ಅಲ್ಲ. ಹೇಗೋ ಮೆಟ್ರೊ ಹಿಡಿದರೂ ಅದು ಆಗ ಮೆಜೆಸ್ಟಿಕ್‌ವರೆಗೆ ಹೋಗುತ್ತಲೇ ಇರಲಿಲ್ಲ. ಆ ಕೊಂಡಿ ಬಿದ್ದದ್ದು 2017ರ ಜೂನ್‌ನಲ್ಲಿ. ಅಷ್ಟರಲ್ಲಿ ಜನ ಬೇಸತ್ತಿದ್ದರು, ಬಸ್ಸುಗಳು ಮೆಜೆಸ್ಟಿಕ್‌ಗೆ ವಾಪಸಾಗಿದ್ದವು. ಮೂರು ವರ್ಷ ತಡೆದಿದ್ದರೆ, ಅಥವಾ ಮೆಟ್ರೊ ಕಂಬದ ಪಕ್ಕದಲ್ಲೇ ಕಟ್ಟಿದ್ದರೆ, ಅದು ನಡೆಯುತ್ತಿತ್ತು ಅಂತಲೇ ನನ್ನ ನಂಬಿಕೆ. ಜನ ಬರಲಿಲ್ಲ ಅಂತ ಜನರನ್ನೇ ದೂರುವುದು ಸರಿಯಲ್ಲ.

ಮೆಟ್ರೊ ಮಾತ್ರ ನಿಧಾನವಾಗಿ ನಮ್ಮ ಕಡೆಗೇ ಬಂತು. 2015ರ ಮೇ ತಿಂಗಳಲ್ಲಿ ನಾಗಸಂದ್ರ. ಅಲ್ಲಿಂದ ಮಾದಾವರಕ್ಕೆ ಇದ್ದದ್ದು ಬರೀ 3 ಕಿಲೋಮೀಟರ್ ಚಿಲ್ಲರೆ, ಮೂರೇ ನಿಲ್ದಾಣ. ಜಮೀನು ಸಿಗುವುದು ತಡವಾಗಿ ಕೆಲಸ ಎಳೆದಾಡಿತು, ಕೊನೆಗೆ 2024ರ ನವೆಂಬರ್‌ನಲ್ಲಿ ರೈಲು ಓಡಿತು. ಈ ನಡುವೆ 2021ರ ಕೊನೆಗೆ ಪೀಣ್ಯ ಮೇಲ್ಸೇತುವೆಯ ಕೇಬಲ್‌ಗಳು ಹಾಳಾಗಿ, ಬಸ್ಸು ಲಾರಿಗಳು ಎರಡು ವರ್ಷಕ್ಕಿಂತ ಜಾಸ್ತಿ ಕೆಳಗಿನ ರಸ್ತೆಯಲ್ಲೇ ತೆವಳಬೇಕಾಯಿತು. ಆಗ ಮಾದಾವರದಲ್ಲಿ ಮೆಟ್ರೊ ಇದ್ದಿದ್ದರೆ ಎಷ್ಟು ಜನ ಅಲ್ಲೇ ಇಳಿದು ಹೋಗುತ್ತಿದ್ದರು, ಅಲ್ವಾ?

ಈಗ ಕೊನೆಯ ನಿಲ್ದಾಣ ಹೆದ್ದಾರಿ ಮೇಲೇ ಇದೆ, ಪಕ್ಕದಲ್ಲಿ ದೊಡ್ಡ ವಸ್ತುಪ್ರದರ್ಶನ ಕೇಂದ್ರವೂ ಇದೆ. ವಾಯವ್ಯ ಸಾರಿಗೆಯ ಬೆಳಗಾವಿ, ಬಾಗಲಕೋಟೆ ಬಸ್ಸುಗಳೂ ಕಲ್ಯಾಣ ಕರ್ನಾಟಕ ಸಾರಿಗೆಯ ವಿಜಯಪುರ ಬಸ್ಸುಗಳೂ ಅದರ ಮುಂದೆಯೇ ಹಾಯಬೇಕು. ಅಲ್ಲಿ ಸರ್ವಿಸ್ ರಸ್ತೆಗೆ ಇಳಿದು ನಿಲ್ಲುವಂಥ ತಂಗುದಾಣ, ಶೌಚಾಲಯ, ನಾಲ್ಕು ದೀಪ ಬೇಕು. ಸಮಯವೂ ಹೊಂದಬೇಕು. 2025ರ ಜನವರಿಯಿಂದ ಸೋಮವಾರ ಬೆಳಿಗ್ಗೆ 4.15ಕ್ಕೇ ಮೆಟ್ರೊ ಬಿಡುತ್ತಿರುವುದು ಊರಿಂದ ಬರುವವರಿಗೆ ನಿಜಕ್ಕೂ ದೊಡ್ಡ ಅನುಕೂಲ. ಭಾನುವಾರ ಮಾತ್ರ ಮೊದಲ ರೈಲಿಗೆ 7 ಗಂಟೆವರೆಗೆ ಕಾಯಬೇಕು, ಶನಿವಾರ ರಾತ್ರಿ ನಮ್ಮೂರು ಬಿಟ್ಟ ಎಷ್ಟೋ ಬಸ್ಸುಗಳು ಅದಕ್ಕೂ ಮೊದಲೇ ಅಲ್ಲಿರುತ್ತವೆ.