ಹಳೆ ಮಿಲಿಟರಿ ರೈಫಲ್‌ಗೆ ಸೀಸದ ಗುಂಡು: ಇನ್ನೂ ಗಟ್ಟಿ ಮಾಡಬೇಕಾ?

ಪ್ರಶ್ನೆ: ನನ್ನ ಹತ್ತಿರ ಎರಡನೇ ಮಹಾಯುದ್ಧದ ಕಾಲದ ಲೀ-ಎನ್‌ಫೀಲ್ಡ್ ನಂ. 4 ರೈಫಲ್ ಇದೆ. ತಾಮ್ರದ ಹೊದಿಕೆಯ ಗುಂಡು ಹಾಕಿದರೆ ಟಾರ್ಗೆಟ್ ಮೇಲೆ ಒಟ್ಟಿಗೇ ಬೀಳುತ್ತವೆ. ನಾನೇ ಎರಕ ಹೊಯ್ದ ಸೀಸದ ಗುಂಡು ಹಾಕಿದರೆ ಎಲ್ಲೆಲ್ಲೋ ಚದುರುತ್ತವೆ. ನಳಿಕೆಯೊಳಗೆ ಸೀಸ ಮೆತ್ತಿಕೊಳ್ಳುತ್ತದೆ. ಲೋಹ ಮೆತ್ತಗಾಯಿತು, ಇನ್ನೂ ಗಟ್ಟಿ ಮಿಶ್ರಣ ಮಾಡಿ ಅಂತ ಸ್ನೇಹಿತರು ಹೇಳುತ್ತಾರೆ. ಸರಿನಾ?

ಉತ್ತರ: ಗಟ್ಟಿ ಮಾಡುವ ಮೊದಲು ನಳಿಕೆಯ ಅಳತೆ ತೆಗೆಯಿರಿ. ನಿಮ್ಮ ಗುಂಡು ಮೆತ್ತಗಿರುವುದಕ್ಕಿಂತ ಸಣ್ಣದಾಗಿರುವ ಸಾಧ್ಯತೆಯೇ ಜಾಸ್ತಿ. ಸಣ್ಣ ಗುಂಡನ್ನು ಗಟ್ಟಿ ಮಾಡಿದರೆ ತೊಂದರೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಮದ್ದು ಹೊತ್ತಿಕೊಂಡಾಗ ಹಿಂದಿನಿಂದ ಬಿಸಿ ಅನಿಲ ತಳ್ಳುತ್ತದೆ. ಗುಂಡನ್ನು ತಿರುಗಿಸಲು ನಳಿಕೆಯೊಳಗೆ ಕೊರೆದ ಸುರುಳಿ ತೋಡುಗಳಿಗೆ ರೈಫ್ಲಿಂಗ್ ಅನ್ನುತ್ತಾರೆ. ಗುಂಡು ಆ ತೋಡುಗಳನ್ನು ಪೂರ್ತಿ ತುಂಬಿದ್ದರೆ ಆ ಅನಿಲಕ್ಕೆ ಮುಂದೆ ನುಗ್ಗಲು ಜಾಗ ಇರುವುದಿಲ್ಲ. ಒಂದು ಕೂದಲಷ್ಟು ಸಂದಿ ಇದ್ದರೂ ಅಲ್ಲಿಂದ ನುಗ್ಗಿ, ಗುಂಡಿನ ಮೈಯನ್ನು ಕರಗಿಸಿ, ಆ ಸೀಸವನ್ನು ನಳಿಕೆಯ ಗೋಡೆಗೆ ಬಳಿಯುತ್ತದೆ. ಮುಂದಿನ ಗುಂಡು ಆ ಸೀಸದ ಮೇಲೆಯೇ ಹೋಗಬೇಕು. ಗುರಿ ಕೆಡದೆ ಇನ್ನೇನಾಗುತ್ತದೆ? ಮೆತ್ತನೆಯ ಗುಂಡಾದರೆ ಒತ್ತಡಕ್ಕೆ ಸ್ವಲ್ಪ ಊದಿಕೊಂಡು ಸಂದಿ ಮುಚ್ಚಬಹುದು. ಗಟ್ಟಿ ಗುಂಡು ಊದಬೇಕಾದರೆ ಜಾಸ್ತಿ ಒತ್ತಡ ಬೇಕು. ಸೀಸದ ಗುಂಡಿಗೆ ನಾವು ಹಾಕುವ ಹಗುರ ಮದ್ದಿನಲ್ಲಿ ಅಷ್ಟು ಒತ್ತಡ ಹುಟ್ಟುವುದಿಲ್ಲ. ನಿಮ್ಮ ಸ್ನೇಹಿತರ ಸಲಹೆ ಎಡವುವುದು ಇಲ್ಲೇ.

ತಾಮ್ರದ ಹೊದಿಕೆಯ ಗುಂಡಿಗೆ ಈ ಕಷ್ಟ ಅಷ್ಟಾಗಿ ಇಲ್ಲ. ಹೊದಿಕೆ ಬಿಸಿ ತಡೆಯುತ್ತದೆ, ಒತ್ತಡವೂ ಜೋರಾಗಿರುತ್ತದೆ. ಅದಕ್ಕೇ ಒಂದೇ ನಳಿಕೆ ಒಂದಕ್ಕೆ ಒಗ್ಗಿ ಇನ್ನೊಂದಕ್ಕೆ ಮುನಿಯುತ್ತದೆ.

ಅದರಲ್ಲೂ ನಿಮ್ಮ ರೈಫಲ್‌ನ .303 ಎಂದರೆ ಅಳತೆಯ ವಿಷಯದಲ್ಲಿ ತಂಟೆಕೋರ. ಹೆಸರಿನಲ್ಲಿರುವ 0.303 ಇಂಚು, ತೋಡುಗಳ ನಡುವೆ ಉಬ್ಬಿರುವ ದಿಣ್ಣೆಯಿಂದ ಎದುರಿನ ದಿಣ್ಣೆಗೆ ಇರುವ ಅಳತೆ. ಸೈನ್ಯದ ಗುಂಡು ಸುಮಾರು 0.311 ಇಂಚು. ತೋಡಿನಿಂದ ತೋಡಿಗೆ ಅಳೆದರೆ 0.313, 0.314, ಕೆಲವು ನಳಿಕೆಗಳಲ್ಲಿ ಅದಕ್ಕೂ ಮೇಲೆ ಬರುತ್ತದೆ. ಯುದ್ಧದ ಅವಸರದಲ್ಲಿ, ಬೇರೆ ಬೇರೆ ದೇಶದ ಕಾರ್ಖಾನೆಗಳಲ್ಲಿ ಆದ ರೈಫಲ್‌ಗಳಿವು. ಸಾಲದ್ದಕ್ಕೆ ಕೆಲವಕ್ಕೆ ಐದು ತೋಡು, ಕೆಲವಕ್ಕೆ ಎರಡೇ. ಅಮೆರಿಕದ 1903ಎ3 ಸ್ಪ್ರಿಂಗ್‌ಫೀಲ್ಡ್ ರೈಫಲ್‌ನಲ್ಲೂ ಎರಡು ತೋಡಿನ ನಳಿಕೆಗಳು ಬಂದವು. ನೋಡಲು ವಿಚಿತ್ರ, ಆದರೆ ಸೀಸದ ಗುಂಡನ್ನು ಚೆನ್ನಾಗಿಯೇ ಹೊಡೆಯುತ್ತವೆ. ಈಗ 0.308ಕ್ಕೆಂದು ಮಾಡಿದ ಅಚ್ಚಿನಿಂದ 0.310 ಇಂಚಿನ ಗುಂಡು ತೆಗೆದು ಅದನ್ನು 0.314ರ ನಳಿಕೆಗೆ ಹಾಕಿದರೆ ಅದು ತೋಡಿಗೆ ಕಚ್ಚಿಕೊಳ್ಳುವುದೇ ಕಷ್ಟ. ಕಾಗದದ ಮೇಲೆ ದುಂಡನೆಯ ತೂತಿನ ಬದಲು ಉದ್ದನೆಯ ತೂತು ಕಂಡರೆ ಗುಂಡು ಅಡ್ಡ ತಿರುಗಿ ಬಂದಿದೆ ಎಂದೇ ಅರ್ಥ.

ಹಾಗಾದರೆ ಅಳೆಯುವುದು ಹೇಗೆ? ರೈಫಲ್ ಖಾಲಿ ಇದೆ ಎಂದು ಎರಡು ಸಲ ನೋಡಿ, ನಳಿಕೆಯ ಹಿಂಬದಿ ಮುಚ್ಚುವ ಬೋಲ್ಟ್ ತೆಗೆಯಿರಿ. ನಳಿಕೆ ತೊಳೆದು ಎಣ್ಣೆ ಸವರಿ. ನಳಿಕೆಗಿಂತ ಕೊಂಚ ದಪ್ಪವಿರುವ ಅಪ್ಪಟ ಸೀಸದ ತುಂಡನ್ನು ಒಂದು ತುದಿಯಲ್ಲಿ ಮೆಲ್ಲಗೆ ತಟ್ಟಿ ಕೂರಿಸಿ, ಹಿತ್ತಾಳೆ ಸರಳಿನಿಂದ ಇನ್ನೊಂದು ತುದಿಗೆ ತಳ್ಳಿ. ಮರದ ಕಡ್ಡಿ ಬೇಡ, ಓರೆಯಾಗಿ ಸೀಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ತಳ್ಳುವಾಗ ಕೈಗೆ ಏನು ತಿಳಿಯುತ್ತದೆ ಗಮನಿಸಿ. ಉದ್ದಕ್ಕೂ ಒಂದೇ ಬಿಗಿ ಇದ್ದರೆ ಒಳ್ಳೆಯದು. ನಡುವೆ ಸಡಿಲವಾಗಿ ಜಾರಿದರೆ ಅಲ್ಲಿ ನಳಿಕೆ ಅಗಲವಾಗಿದೆ. ಹೊರಬಂದ ತುಂಡನ್ನು ಮೈಕ್ರೋಮೀಟರ್‌ನಲ್ಲಿ ಅಳೆಯಿರಿ.

ಐದು ತೋಡಿನ ನಳಿಕೆಯಲ್ಲಿ ಇಲ್ಲೊಂದು ತೊಡಕಿದೆ. ತೋಡಿನ ಎದುರಿಗೆ ತೋಡು ಬರುವುದಿಲ್ಲ, ದಿಣ್ಣೆ ಬರುತ್ತದೆ. ಮಾಮೂಲಿ ಮೈಕ್ರೋಮೀಟರ್ ಇಟ್ಟರೆ ಇರುವುದಕ್ಕಿಂತ ಕಡಿಮೆ ಅಳತೆ ತೋರಿಸುತ್ತದೆ. ಅಡಿಯಲ್ಲಿ ವಿ ಆಕಾರದ ಆಸರೆ ಇರುವ ಮೈಕ್ರೋಮೀಟರ್ ಬೇಕು. ಅದಿಲ್ಲದಿದ್ದರೆ ಗೊತ್ತಿರುವ ದಪ್ಪದ ತೆಳು ಲೋಹದ ಹಾಳೆಯನ್ನು ತುಂಡಿನ ಸುತ್ತ ಒಂದು ಸುತ್ತು ಬಿಗಿಯಾಗಿ ಸುತ್ತಿ ಅಳೆದು, ಹಾಳೆಯ ದಪ್ಪದ ಎರಡರಷ್ಟು ಕಳೆಯಿರಿ. ಸಾಕಷ್ಟು ಸರಿಯಾದ ಲೆಕ್ಕ ಸಿಗುತ್ತದೆ.

ತೋಡಿನ ಅಳತೆಗಿಂತ ಒಂದರಿಂದ ಎರಡು ಸಾವಿರಾಂಶ ಇಂಚು ದಪ್ಪದ ಗುಂಡು ಬೇಕು ಎನ್ನುವುದು ಹಳೆಯ ಲೆಕ್ಕ. ಅಂದರೆ ನಿಮ್ಮ ನಳಿಕೆ 0.314 ಬಂದರೆ ಗುಂಡು 0.315 ಅಥವಾ 0.316. ಆದರೆ ಹಳೆ ರೈಫಲ್‌ನಲ್ಲಿ ಇಷ್ಟಕ್ಕೇ ನಿಲ್ಲಬೇಡಿ. ತೋಟಾ ಕೂರುವ ಚೇಂಬರ್ ಮುಗಿದು ರೈಫ್ಲಿಂಗ್ ಶುರುವಾಗುವ ಜಾಗಕ್ಕೆ ಥ್ರೋಟ್ ಅನ್ನುತ್ತಾರೆ. ಬಿಸಿ ಅನಿಲದ ಮೊದಲ ಏಟು ಬೀಳುವುದು ಅಲ್ಲಿಗೇ. ಸಾವಿರಾರು ಸಲ ಹೊಡೆದ ರೈಫಲ್‌ನಲ್ಲಿ ಆ ಜಾಗ ಸವೆದು ತೋಡಿಗಿಂತಲೂ ಅಗಲವಾಗಿರಬಹುದು. ಗುಂಡಿನ ಮುಂಭಾಗ ಅದನ್ನು ತುಂಬದಿದ್ದರೆ ಗುಂಡು ಓರೆಯಾಗಿ ನಳಿಕೆಗೆ ಇಳಿಯುತ್ತದೆ. ಆಮೇಲೆ ಯಾವ ಮದ್ದು ಬದಲಿಸಿದರೂ ಅದು ನೆಟ್ಟಗಾಗುವುದಿಲ್ಲ.

ಥ್ರೋಟ್ ಅಳೆಯಲು ಸೆರೋಸೇಫ್ ಎಂಬ ಬಿಸ್ಮತ್ ಮಿಶ್ರಲೋಹ ಸಿಗುತ್ತದೆ. ಕುದಿಯುವ ನೀರಿಗಿಂತ ಕಡಿಮೆ ಬಿಸಿಯಲ್ಲೇ ಕರಗುತ್ತದೆ. ಚೇಂಬರಿನ ಮುಂದೆ ನಳಿಕೆಗೆ ಬಟ್ಟೆಯ ಬಿರಡೆ ತುರುಕಿ, ಹೊಯ್ದು, ತಣಿದ ಮೇಲೆ ತೆಗೆದರೆ ಒಳಗಿನ ಪಡಿಯಚ್ಚು ಕೈಗೆ ಬರುತ್ತದೆ. ಅದು ಮೊದಲು ಕುಗ್ಗಿ ಆಮೇಲೆ ನಿಧಾನವಾಗಿ ಹಿಗ್ಗುವ ಲೋಹ. ಹೊಯ್ದ ಸುಮಾರು ಒಂದು ಗಂಟೆಯ ಹೊತ್ತಿಗೆ ಚೇಂಬರಿನ ನಿಜ ಅಳತೆ ತೋರಿಸುತ್ತದೆ. ಆಗಲೇ ಅಳೆಯಬೇಕು.

ದಪ್ಪ ಗುಂಡು ಹಾಕುವಾಗ ಸುರಕ್ಷತೆಯ ಒಂದು ಮಾತು ಮರೆಯಬಾರದು. ಗುಂಡು ಕೂರಿಸಿದ ಮೇಲೆ ಮದ್ದು ತುಂಬುವ ಹಿತ್ತಾಳೆ ಕೇಸಿನ ಕತ್ತು, ಅಂದರೆ ಗುಂಡನ್ನು ಹಿಡಿದಿರುವ ತುದಿ, ಎಷ್ಟು ದಪ್ಪವಾಗುತ್ತದೆ, ಚೇಂಬರಿನ ಕತ್ತು ಎಷ್ಟಿದೆ ಎಂದು ಹೋಲಿಸಿ. ಕತ್ತು ಬಿಚ್ಚಿಕೊಂಡು ಗುಂಡನ್ನು ಬಿಡಲು ಜಾಗ ಇರಲೇಬೇಕು. ಇಲ್ಲದಿದ್ದರೆ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಮಿಲಿಟರಿ ಚೇಂಬರುಗಳು ಸಾಮಾನ್ಯವಾಗಿ ಧಾರಾಳವಾಗಿರುತ್ತವೆ, ಆದರೂ ಅಳೆಯದೆ ನಂಬಬೇಡಿ.

ಅಚ್ಚಿನಿಂದ ಸರಿಯಾದ ಗುಂಡು ಬಂದರೂ ಕೆಡಿಸುವ ಇನ್ನೊಂದು ಕಳ್ಳ ಇದ್ದಾನೆ. ಅದು ಕೇಸಿನ ಕತ್ತೇ. ಹೊಡೆದ ಕೇಸನ್ನು ಮತ್ತೆ ಅಳತೆಗೆ ತರುವ ಮಾಮೂಲಿ ಸೈಜಿಂಗ್ ಡೈ ಕತ್ತನ್ನು ತಾಮ್ರದ ಹೊದಿಕೆಯ ಗುಂಡಿಗೆ ಬೇಕಾದಷ್ಟು ಬಿಗಿ ಮಾಡುತ್ತದೆ. ಮೆತ್ತನೆಯ ಸೀಸವನ್ನು ಅದರೊಳಗೆ ಒತ್ತಿದರೆ ಗುಂಡೇ ಸಣ್ಣದಾಗುತ್ತದೆ. ನೀವು 0.315 ಎಂದುಕೊಂಡು ಹೊಡೆಯುತ್ತಿರುವುದು ನಿಜವಾಗಿ 0.312 ಆಗಿರಬಹುದು. ಒಂದು ತೋಟಾದಿಂದ ಗುಂಡು ಕಿತ್ತು ಮತ್ತೆ ಅಳೆದು ನೋಡಿ, ಗುಟ್ಟು ರಟ್ಟಾಗುತ್ತದೆ. ಕತ್ತನ್ನು ಗುಂಡಿಗೆ ತಕ್ಕಷ್ಟು ಹಿಗ್ಗಿಸಿ ಬಾಯಿಯನ್ನು ಕೊಂಚ ಅರಳಿಸುವ ಎಕ್ಸ್‌ಪ್ಯಾಂಡರ್ ಸೀಸದ ಗುಂಡಿಗೆಂದೇ ಸಿಗುತ್ತದೆ. ಸೀಸದ ಗುಂಡು ತುಂಬುವವರು ಮೊದಲು ಕೊಳ್ಳಬೇಕಾದ ಸಲಕರಣೆ ಇದೇ ಎಂದು ನಾನು ಹೇಳುತ್ತೇನೆ. ಹೊಸ ಅಚ್ಚು ಆಮೇಲೆ.

ಈಗ ಲೋಹದ ಮಾತು. ಅಪ್ಪಟ ಸೀಸದ ಗಡಸುತನ ಬ್ರಿನೆಲ್ ಅಳತೆಯಲ್ಲಿ ಸುಮಾರು 5. ನೂರರಲ್ಲಿ 90 ಸೀಸ, 5 ತವರ, 5 ಆಂಟಿಮನಿ ಸೇರಿದ ಮಿಶ್ರಣ ಸುಮಾರು 15. ಮುದ್ರಣಾಲಯಗಳಲ್ಲಿ ಅಕ್ಷರದ ಸಾಲು ಎರಕ ಹೊಯ್ಯುತ್ತಿದ್ದ ಲೈನೋಟೈಪ್ ಲೋಹ ಸುಮಾರು 22. ಅದರಲ್ಲಿ 84 ಸೀಸ, 12 ಆಂಟಿಮನಿ, 4 ತವರ. ನಿಮ್ಮ ರೈಫಲ್‌ನ ಕೆಲಸಕ್ಕೆ 12ರಿಂದ 15 ಸಾಕು. ಅಪರೂಪದ ಲೈನೋಟೈಪನ್ನು ಸುಮ್ನೆ ಕರಗಿಸಿ ಹಾಳು ಮಾಡಬೇಡಿ, ಬೇರೆ ಸೀಸಕ್ಕೆ ಸ್ವಲ್ಪ ಸ್ವಲ್ಪ ಬೆರೆಸಿ. ತವರ ನೂರಕ್ಕೆ ಎರಡರಷ್ಟಿದ್ದರೆ ಅಚ್ಚಿನ ಮೂಲೆ ಮೂಲೆ ತುಂಬುತ್ತದೆ. ಗುಂಡಿನ ತಳದ ಅಂಚು ಚೂಪಾಗಿ ಬರಬೇಕು. ಮೂತಿಯಲ್ಲಿ ಸಣ್ಣ ಸುಕ್ಕಿದ್ದರೆ ನಡೆಯುತ್ತದೆ, ತಳದಲ್ಲಿ ಊನ ಇದ್ದರೆ ಆ ಗುಂಡನ್ನು ಮತ್ತೆ ಪಾತ್ರೆಗೆ ಹಾಕಿ. ತಳಕ್ಕೆ ತಾಮ್ರದ ಪುಟ್ಟ ಬಟ್ಟಲು, ಅಂದರೆ ಗ್ಯಾಸ್ ಚೆಕ್, ಹಾಕುವ ಅಚ್ಚನ್ನೇ ಆರಿಸಿಕೊಳ್ಳಿ. ರೈಫಲ್ ವೇಗಕ್ಕೆ ಅದು ಬೇಕು. ಕರಗಿದ ಸೀಸದ ಹತ್ತಿರ ಒಂದು ಹನಿ ನೀರೂ ಸುಳಿಯಬಾರದು. ನೀರು ಆವಿಯಾಗಿ ಲೋಹವನ್ನು ಮುಖಕ್ಕೆ ಎರಚುತ್ತದೆ. ಗಾಳಿಯಾಡುವ ಜಾಗ, ಕನ್ನಡಕ, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು, ಇವುಗಳಲ್ಲಿ ರಾಜಿ ಇಲ್ಲ.

ಮದ್ದಿನ ತೂಕ ನಾನು ಇಲ್ಲಿ ಬರೆಯುವುದಿಲ್ಲ. ಅದನ್ನು ಸೀಸದ ಗುಂಡಿಗೆಂದೇ ಅಚ್ಚಾದ ಕೈಪಿಡಿಯಿಂದ, ಅದರ ಕನಿಷ್ಠ ಅಳತೆಯಿಂದ ಶುರು ಮಾಡಬೇಕು. ಬಾಯಿಮಾತಿನ ಅಳತೆ ನಂಬಬಾರದು. .303 ದೊಡ್ಡ ಕೇಸು, ಸೀಸದ ಗುಂಡಿನ ಮದ್ದು ಅದರಲ್ಲಿ ತಳ ಮಾತ್ರ ಮುಚ್ಚಬಹುದು. ಅಂದರೆ ಗೊತ್ತಿಲ್ಲದೆ ಎರಡು ಸಲ ಸುರಿದರೂ ಹೊರಗೆ ಚೆಲ್ಲುವುದಿಲ್ಲ, ರೈಫಲ್ ಮಾತ್ರ ಒಡೆದುಹೋಗುತ್ತದೆ. ಆದಷ್ಟು ಜಾಗ ತುಂಬುವ ಮದ್ದು ಆರಿಸಿ. ಗುಂಡು ಕೂರಿಸುವ ಮೊದಲು ಪ್ರತಿ ಕೇಸಿನೊಳಗೂ ಟಾರ್ಚ್ ಬಿಟ್ಟು ನೋಡಿ. ನಿಧಾನವಾಗಿ ಉರಿಯುವ ಮದ್ದನ್ನು ಕೈಪಿಡಿಯ ಕನಿಷ್ಠಕ್ಕಿಂತ ಕೆಳಗೆ ಇಳಿಸುವುದೂ ಅಪಾಯವೇ. ಇನ್ನು ರೈಫಲ್ ಹಳೆಯದಾದ್ದರಿಂದ ತಿಳಿದ ಗನ್‌ಸ್ಮಿತ್ ಒಮ್ಮೆ ಹೆಡ್‌ಸ್ಪೇಸ್, ಅಂದರೆ ಬೋಲ್ಟ್ ಮುಖದಿಂದ ತೋಟಾ ತಡೆದು ನಿಲ್ಲುವ ಜಾಗದವರೆಗಿನ ಅಂತರ, ನೋಡಲಿ. ಸೀಸದ ಗುಂಡಿನ ಮದ್ದು ಹಗುರ, ಹಾಗಾಗಿ ಯಾವ ಹಳೆ ರೈಫಲ್ ಆದರೂ ತಡೆಯುತ್ತದೆ ಎನ್ನುವುದು ತಪ್ಪು. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 1903 ರೈಫಲ್‌ಗಳಲ್ಲಿ 8,00,000ಕ್ಕಿಂತ ಕಡಿಮೆ ಕ್ರಮಸಂಖ್ಯೆಯವು ಉಕ್ಕು ಕಾಯಿಸಿದ ದೋಷದಿಂದ ಒಡೆದ ಉದಾಹರಣೆಗಳಿವೆ. ಮನೆಯಲ್ಲಿ ತೋಟಾ ತುಂಬಲು ನೀವಿರುವಲ್ಲಿ ಕಾನೂನು ಅವಕಾಶ ಕೊಡುತ್ತದೆಯೇ ಎನ್ನುವುದನ್ನೂ ಮೊದಲೇ ವಿಚಾರಿಸಿಕೊಳ್ಳಿ.

ವೇಗದ ಆಸೆ ಬೇಡ. .303ರ ಏಳನೇ ಮಾರ್ಕ್ ಸೈನ್ಯದ ತೋಟಾ ಸೆಕೆಂಡಿಗೆ ಸುಮಾರು 2440 ಅಡಿ ವೇಗದ್ದು. ಸೀಸದ ಗುಂಡಿಗೆ 1500ರಿಂದ 1800 ಅಡಿ ಒಳ್ಳೆಯ ಜಾಗ. ಇದಕ್ಕೆ ತಿರುವೂ ಒಂದು ಕಾರಣ. ನಿಮ್ಮ ರೈಫಲ್ ಹತ್ತು ಇಂಚಿಗೆ ಒಂದು ಸುತ್ತು ತಿರುಗಿಸುತ್ತದೆ. 1800 ಅಡಿ ವೇಗದಲ್ಲಿ ಗುಂಡು ನಿಮಿಷಕ್ಕೆ ಸುಮಾರು 1.3 ಲಕ್ಷ ಸುತ್ತು ತಿರುಗುತ್ತದೆ. ಗುಂಡಿನೊಳಗೆ ಗಾಳಿಗುಳ್ಳೆ ಇದ್ದರೆ, ಅಥವಾ ಅದು ಓರೆಯಾಗಿದ್ದರೆ, ತಿರುಗುವ ವೇಗ ಹೆಚ್ಚಿದಷ್ಟೂ ಆ ಊನ ದೊಡ್ಡದಾಗಿ ಕಾಣುತ್ತದೆ. 6.5×55 ಸ್ವೀಡಿಷ್ ಮೌಸರ್ ರೈಫಲ್‌ನಲ್ಲಿ 200 ಮಿಲಿಮೀಟರಿಗೇ ಒಂದು ಸುತ್ತು. ಅದೇ ವೇಗಕ್ಕೆ ಅಲ್ಲಿ 1.6 ಲಕ್ಷ ದಾಟುತ್ತದೆ. ತಾಮ್ರದ ಹೊದಿಕೆಯ ಗುಂಡಿಗೆ ಹೆಸರಾದ ಆ ರೈಫಲ್ ಸೀಸದ ಗುಂಡಿನವರನ್ನು ಅಳಿಸುವುದು ಇದಕ್ಕೇ. ನಿಮ್ಮ ಎನ್‌ಫೀಲ್ಡ್ ಆ ಮಟ್ಟಿಗೆ ಸಾಧು.

ಪರೀಕ್ಷೆಗೆ ಕೂರುವ ಮೊದಲು ನಳಿಕೆಯಲ್ಲಿರುವ ಹಳೇ ತಾಮ್ರದ ಕಲೆಯನ್ನು ಪೂರ್ತಿ ತೆಗೆಯಿರಿ. ತಾಮ್ರದ ಮೇಲೆ ಸೀಸ ಬೇಗ ಅಂಟುತ್ತದೆ. ತೊಳೆದ ನಳಿಕೆಯ ಮೊದಲ ಕೆಲವು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಗುಂಡಿಗೆ ಸವರಿದ ಜಿಡ್ಡು, ಅಂದರೆ ಲೂಬ್, ಒಳಗೆ ಹರಡಿ ಒಂದು ಹದಕ್ಕೆ ಬರಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮದ್ದನ್ನೂ ಗುಂಡಿನ ಅಳತೆಯನ್ನೂ ಲೂಬನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ, ಅಲ್ವಾ? ಮೂರು ಗುಂಡಿನ ಗ್ರೂಪ್, ಅಂದರೆ ಟಾರ್ಗೆಟ್ ಮೇಲಿನ ತೂತುಗಳ ಗುಂಪು, ನೋಡಿ ಹಿಗ್ಗಬೇಡಿ, ಅದು ಅದೃಷ್ಟವೂ ಆಗಿರಬಹುದು. ಹತ್ತು ಗುಂಡು ಹೊಡೆದು ನೋಡಿ.

ಸೀಸ ಅಂಟಿದರೆ ಎಲ್ಲಿ ಅಂಟಿದೆ ನೋಡಿ. ಚೇಂಬರಿನ ಮುಂದೆಯೇ ಇದ್ದರೆ ಗುಂಡು ಸಣ್ಣದು, ಅನಿಲ ನುಗ್ಗುತ್ತಿದೆ. ನಳಿಕೆಯ ಬಾಯಿಯ ಹತ್ತಿರದ ಕೊನೆಯ ಇಂಚುಗಳಲ್ಲಿ ಮಾತ್ರ ಇದ್ದರೆ ಲೂಬ್ ಅರ್ಧ ದಾರಿಯಲ್ಲೇ ಮುಗಿದಿದೆ. ಆಗ ಲೂಬ್ ಬದಲಿಸಿ, ಇಲ್ಲವೇ ವೇಗ ಇಳಿಸಿ. ಅಳತೆ, ಕತ್ತು, ಲೂಬ್ ಎಲ್ಲವೂ ಸರಿಯಿದ್ದೂ ವೇಗ ಏರಿಸಿದಾಗ ಮಾತ್ರ ಗ್ರೂಪ್ ಬಿಚ್ಚಿಕೊಂಡರೆ, ಆಗ ಗಟ್ಟಿ ಲೋಹದ ಯೋಚನೆ ಮಾಡಿ. ನಿಮ್ಮ ಸ್ನೇಹಿತರ ಸಲಹೆಗೆ ಅಲ್ಲಿ ಜಾಗ ಇದೆ.

ಗ್ರೂಪ್ ಚಿಕ್ಕದಾಗಿಯೂ ಕಪ್ಪು ವೃತ್ತದಿಂದ ಕೆಳಗೆ ಬಿದ್ದರೆ ಗಾಬರಿ ಬೇಡ. ಸೈಟ್ ಮೇಲಿನ ಅಂಕಿಗಳು ಸೈನ್ಯದ ತೋಟಾ ವೇಗಕ್ಕೆ ಹಾಕಿದವು. ದೂರಕ್ಕೆ ತಕ್ಕಂತೆ ಮೇಲೆ ಕೆಳಗೆ ಸರಿಸುವ ಏಣಿ ಸೈಟ್ ಇದ್ದರೆ 100 ಗಜದಲ್ಲೂ ಅದನ್ನು ದೂರದ ಅಂಕಿಗೆ ಏರಿಸಿ ಹೊಡೆಯಿರಿ. ನಿಮ್ಮದರಲ್ಲಿ 300 ಮತ್ತು 600 ಗಜದ ಎರಡೇ ತೂತಿನ ಮಡಿಸುವ ಸೈಟ್ ಇದ್ದು ಎರಡೂ ಹೊಂದದಿದ್ದರೆ ಮುಂದಿನ ಸೈಟಿನ ಬ್ಲೇಡ್ ಬದಲಿಸಿ. ಬೇರೆ ಬೇರೆ ಎತ್ತರದ ಬ್ಲೇಡುಗಳು ಈ ರೈಫಲ್‌ಗೆ ಮೊದಲಿಂದಲೂ ಇವೆ. ಗುಂಡು ಮೇಲೆ ಬೀಳಬೇಕಾದರೆ ಗಿಡ್ಡ ಬ್ಲೇಡ್, ಕೆಳಗೆ ಬೀಳಬೇಕಾದರೆ ಎತ್ತರದ್ದು.