ವೆನೇಡಿಯಂ ಪುಡಿ ಯಾಕೆ ಮಾಡಬೇಕು?

ಹಾಸನ ಜಿಲ್ಲೆಯ ನುಗ್ಗೇಹಳ್ಳಿಗೆ ಜನ ಹೋಗುವುದು ಹೊಯ್ಸಳರ ಲಕ್ಷ್ಮೀನರಸಿಂಹ ದೇವಸ್ಥಾನ ನೋಡಲು. ಅದೇ ಸೀಮೆಯ ತಗಡೂರಿನ ಕಡೆ ಅಯಸ್ಕಾಂತಕ್ಕೆ ಅಂಟುವ, ಭಾರವಾದ ಕಪ್ಪು ಅದಿರು ಇದೆ. ಅದರಲ್ಲಿ ಕಬ್ಬಿಣ, ಟೈಟೇನಿಯಂ ಜೊತೆಗೆ ಸ್ವಲ್ಪ ವೆನೇಡಿಯಂ ಕೂಡ ಸೇರಿದೆ. ದೊಡ್ಡ ಫ್ಲೋ ಬ್ಯಾಟರಿಗಳಿಗೆ ಬೇಕಾದ ಲೋಹ ಇದೇ.

ಫ್ಲೋ ಬ್ಯಾಟರಿಯಲ್ಲಿ ಕರೆಂಟು ಕೂಡಿಡುವುದು ದ್ರವದಲ್ಲಿ. ಎರಡು ಟ್ಯಾಂಕು, ಎರಡು ಪಂಪು, ನಡುವೆ ತೆಳು ಪೊರೆಯ ಸೆಲ್. ಟ್ಯಾಂಕ್ ದೊಡ್ಡದಾದಷ್ಟೂ ಜಾಸ್ತಿ ಹೊತ್ತು ಕರೆಂಟು. ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಕರಗಿದ ವೆನೇಡಿಯಂ ನೋಡಲು ಬಲು ಚೆಂದ. ಚಾರ್ಜ್ ಆದಾಗ ಒಂದು ಕಡೆ ನೇರಳೆ, ಇನ್ನೊಂದು ಕಡೆ ಹಳದಿ. ಕರೆಂಟು ಖರ್ಚಾಗುತ್ತಾ ನೇರಳೆ ಹಸಿರಿಗೆ ತಿರುಗುತ್ತದೆ, ಹಳದಿ ನೀಲಿಗೆ. ಎರಡೂ ಕಡೆ ಒಂದೇ ಲೋಹ. ಹಾಗಾಗಿ ಪೊರೆ ದಾಟಿ ಒಂದಿಷ್ಟು ಬೆರೆತರೂ ದ್ರವ ಹಾಳಾಗುವುದಿಲ್ಲ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಮರಿಯಾ ಸ್ಕಿಲಾಸ್-ಕಝಾಕೋಸ್ ಮತ್ತು ಅವರ ತಂಡ ಕಂಡುಕೊಂಡ ದಾರಿ ಇದು.

ತೊಂದರೆ ಇರುವುದು ಬೆಲೆಯಲ್ಲಿ. ಒಂದು ಯೂನಿಟ್ ಕೂಡಿಡಲು ಬರೀ ಲೆಕ್ಕದ ಪ್ರಕಾರವೇ ಸುಮಾರು 3 ಕೆಜಿ ವೆನೇಡಿಯಂ ಬೇಕು. ನಿಜವಾಗಿ ಬೇಕಾಗುವುದು ಇನ್ನೂ ಜಾಸ್ತಿ.

ಅದಿರನ್ನು ವಾಷಿಂಗ್ ಸೋಡಾದಂಥ ಉಪ್ಪಿನ ಜೊತೆ ಹುರಿದು, ನೀರಿನಲ್ಲಿ ನೆನೆಸಿದರೆ ವೆನೇಡಿಯಂ ನೀರಿಗೆ ಬಿಟ್ಟುಕೊಳ್ಳುತ್ತದೆ. ಅದಕ್ಕೆ ಅಮೋನಿಯಂ ಉಪ್ಪು ಹಾಕಿ ಗಸಿ ಇಳಿಸುತ್ತಾರೆ. ಗಸಿಯನ್ನು ಕಾಯಿಸಿದರೆ ಕಿತ್ತಳೆ-ಹಳದಿ ಬಣ್ಣದ ವೆನೇಡಿಯಂ ಪೆಂಟಾಕ್ಸೈಡ್ ಪುಡಿ. ಬ್ಯಾಟರಿಗೆ ಅಂದರೆ ಅದನ್ನು ಇನ್ನೊಮ್ಮೆ ಶುದ್ಧ ಮಾಡಬೇಕು. ಆಮೇಲೆ ಅದೇ ಪುಡಿಯನ್ನು ಆಸಿಡ್‌ನಲ್ಲಿ ಕರಗಿಸಬೇಕು. ಅದೋ ಸುಲಭಕ್ಕೆ ಕರಗುವುದಿಲ್ಲ. ಆಕ್ಸಾಲಿಕ್ ಆಸಿಡ್ ಹಾಕಬೇಕು, ಇಲ್ಲವೇ ಕರೆಂಟು ಹರಿಸಬೇಕು. ಕಬ್ಬಿನ ಹಾಲು ಬೇಕಾದವರು ಬೆಲ್ಲ ಮಾಡಿಸಿ ಮತ್ತೆ ನೀರಿಗೆ ಹಾಕಿದ ಹಾಗಾಯ್ತು, ಅಲ್ವಾ?

ಈ ಸುತ್ತು ತಪ್ಪಿಸುವ ಪ್ರಯತ್ನಗಳು ನನಗೆ ಬಹಳ ಮುಖ್ಯ ಅನ್ನಿಸುತ್ತವೆ. ನೆನೆಸಿದ ನೀರಿನಿಂದ ವೆನೇಡಿಯಂ ಅನ್ನು ಎಣ್ಣೆಯಂಥ ದ್ರಾವಕವೊಂದು ಹೀರಿಕೊಳ್ಳುವ ಹಾಗೆ ಮಾಡುತ್ತಾರೆ. ಅಲ್ಲಿಂದ ಅದನ್ನು ನೇರವಾಗಿ ಸಲ್ಫ್ಯೂರಿಕ್ ಆಸಿಡ್‌ಗೆ ಇಳಿಸಿಕೊಳ್ಳುತ್ತಾರೆ. ಪುಡಿಯ ಹಂತವೇ ಇಲ್ಲ. ಆದರೆ ಇಲ್ಲಿ ಕಲಬೆರಕೆ ನುಸುಳದಂತೆ ಕಾಯಬೇಕು. ಸಿಲಿಕಾ ಉಳಿದರೆ ಸೆಲ್ ಒಳಗೆ ಕಟ್ಟಿಕೊಳ್ಳುತ್ತದೆ. ಕೆಲವು ಲೋಹಗಳು ಉಳಿದರೆ ಚಾರ್ಜ್ ಆಗುವಾಗ ಹೈಡ್ರೋಜನ್ ಏಳುತ್ತದೆ. ತಗಡೂರಿನ ಅದಿರಿನಲ್ಲಿ ಟೈಟೇನಿಯಂ ಇರುವುದರಿಂದ ಅದು ಕಬ್ಬಿಣ ತೆಗೆಯುವ ಸಾಮಾನ್ಯ ಊದುಕುಲುಮೆಗೆ ಅಷ್ಟಾಗಿ ಒಗ್ಗುವುದಿಲ್ಲ. ಹುರಿದು ನೇರ ದ್ರವಕ್ಕೆ ಹೋಗುವ ಈ ದಾರಿಯನ್ನು ಅದರ ಮೇಲೂ ಪರೀಕ್ಷಿಸಿ ನೋಡಬೇಕು.

ಇನ್ನೊಂದು ಅನುಕೂಲ ಹಣದ ಲೆಕ್ಕದ್ದು. ಪಂಪು, ಪೊರೆ ಸವೆದರೂ ವೆನೇಡಿಯಂ ಸವೆಯುವುದಿಲ್ಲ. ಬ್ಯಾಟರಿ ಹಳೆಯದಾದ ಮೇಲೂ ದ್ರವವನ್ನು ಸರಿಮಾಡಿ ಇನ್ನೊಂದಕ್ಕೆ ತುಂಬಬಹುದು. ಅದಕ್ಕೇ ದ್ರವವನ್ನು ಮಾರದೆ ಬಾಡಿಗೆಗೆ ಕೊಡುವ ಪದ್ಧತಿಯೂ ಶುರುವಾಗಿದೆ. ಬ್ಯಾಟರಿ ಹಾಕುವವರಿಗೆ ಮೊದಲ ದಿನವೇ ಇಡೀ ದುಡ್ಡು ಹೊಂದಿಸುವ ಹೊರೆ ಇದರಿಂದ ಇಳಿಯುತ್ತದೆ.